ನಾಲ್ಕು ಕೋಣೆಯ ಮನೆ

ಹೃದಯವೆಂದೊಡನೆ ನಮ್ಮಂಥ ಕಲಾ ವಿದ್ಯಾರ್ಥಿಗಳಿಗೆ ನೆನಪಾಗುವುದು ಕಾವ್ಯ. ಅಲ್ಲಿ ಹೃದಯ ಅರಳುತ್ತದೆ, ಕರಗುತ್ತದೆ, ಒಮ್ಮೊಮ್ಮೆ ಒಡೆದೂ ಹೋಗುತ್ತದೆ. ಆದರೆ ಅದು ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿದು 7,000 ಲೀಟರಿನಷ್ಟು ರಕ್ತವನ್ನು ನೂಕುವ, ರಜೆಯೇ ಇಲ್ಲದ ಕೂಲಿಯಾಳೆಂಬುದು ನನಗೆ ತಿಳಿದದ್ದು ಯಾವ ಕಾವ್ಯದಿಂದಲೂ ಅಲ್ಲ. ನನ್ನ ಅವ್ವನ ಕಾಯಿಲೆಯಿಂದ.

ನಮ್ಮದು ಹಳಿಯಾಳ ತಾಲೂಕಿನ ಒಂದು ಹಳ್ಳಿ. ಅವ್ವ ಗದ್ದೆಯ ಕೆಲಸಕ್ಕೆ ಹೋಗುವವಳು. ಎರಡು ವರ್ಷಗಳ ಹಿಂದೆ ಭತ್ತದ ಹೊರೆ ಹೊತ್ತು ಏರು ಹತ್ತುವಾಗ ಅವಳಿಗೆ ದಮ್ಮು ಕಟ್ಟತೊಡಗಿತು. ರಾತ್ರಿ ಮಲಗಿದರೆ ಉಸಿರು ಸಿಕ್ಕಿಕೊಂಡಂತಾಗಿ ಎದ್ದು ಕೂಡುತ್ತಿದ್ದಳು. ಊರವರು ಉಬ್ಬಸವೆಂದರು. ಹುಬ್ಬಳ್ಳಿಯ ವೈದ್ಯರೊಬ್ಬರು ಎದೆ ಪರೀಕ್ಷಿಸಿ, ಎಕೋ ಮಾಡಿಸಿ, ಹೃದಯದ ಒಂದು ಕವಾಟ ಕಿರಿದಾಗಿದೆಯೆಂದರು. ನಮ್ಮ ಮನೆಯಲ್ಲಿ ಓದಬಲ್ಲವನು ನಾನೊಬ್ಬನೇ. ಚೀಟಿಯನ್ನು ನನ್ನ ಕೈಗಿತ್ತು ಅವ್ವ ಕೇಳಿದಳು: "ತಮ್ಮಾ, ದಮ್ಮು ಹತ್ತೂದು ಉಸಿರಿಗೆ, ಬ್ಯಾನಿ ಹೃದಯದಾಗ ಹೆಂಗಿರತೈತಿ?"

ಈ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಮೊದಲ ಸಲ ಗ್ರಂಥಾಲಯದ ವಿಜ್ಞಾನದ ಕಪಾಟಿನ ಮುಂದೆ ನಿಂತೆ.

ಹೃದಯವೆಂಬುದು ನಾಲ್ಕು ಕೋಣೆಯ ಮನೆ. ಮೇಲಿನ ಎರಡು ಹೃತ್ಕರ್ಣಗಳು, ಕೆಳಗಿನ ಎರಡು ಹೃತ್ಕುಕ್ಷಿಗಳು. ಎಡಬಲಗಳ ನಡುವೆ ಗೋಡೆ. ಮೈಯೆಲ್ಲ ಸುತ್ತಿ ಆಮ್ಲಜನಕವನ್ನು ಹಂಚಿ ಬಂದ ರಕ್ತ ಮೊದಲು ಬಲ ಹೃತ್ಕರ್ಣವನ್ನು ಸೇರುತ್ತದೆ. ತ್ರಿದಳ ಕವಾಟವನ್ನು ದಾಟಿ ಬಲ ಹೃತ್ಕುಕ್ಷಿಗೆ ಇಳಿಯುತ್ತದೆ. ಅಲ್ಲಿಂದ ಶ್ವಾಸಕೋಶಗಳಿಗೆ ಹೋಗಿ, ಹೊಸ ಆಮ್ಲಜನಕವನ್ನು ತುಂಬಿಕೊಂಡು ಎಡ ಹೃತ್ಕರ್ಣಕ್ಕೆ ಮರಳುತ್ತದೆ. ಬಳಿಕ ದ್ವಿದಳ ಕವಾಟವನ್ನು ದಾಟಿ ಎಡ ಹೃತ್ಕುಕ್ಷಿಗೆ. ಅಲ್ಲಿಂದ ಮಹಾಪಧಮನಿಯ ಮೂಲಕ ನೆತ್ತಿಯಿಂದ ಅಂಗಾಲಿನವರೆಗೆ. ದೂರದ ದುಡಿಮೆ ಎಡ ಹೃತ್ಕುಕ್ಷಿಯದು. ಅದಕ್ಕೇ ಅದರ ಗೋಡೆ ಎಲ್ಲಕ್ಕಿಂತ ದಪ್ಪ. ಕವಾಟಗಳು ಒಂದೇ ಕಡೆಗೆ ತೆರೆಯುವ ಬಾಗಿಲುಗಳು. ವೈದ್ಯರಿಗೆ ಕೇಳಿಸುವ 'ಲಬ್-ಡಬ್' ಎಂಬುದು ಈ ಬಾಗಿಲುಗಳು ಮುಚ್ಚಿಕೊಳ್ಳುವ ಸದ್ದು.

ಇಷ್ಟನ್ನು ತಿಳಿಯಲು ಮನುಷ್ಯನಿಗೆ ಶತಮಾನಗಳೇ ಬೇಕಾದವು. ಆಹಾರದಿಂದ ಯಕೃತ್ತಿನಲ್ಲಿ ರಕ್ತ ಹುಟ್ಟಿ, ಮೈಯಲ್ಲಿ ಇಂಗಿಹೋಗುತ್ತದೆಂದು ಹಿಂದೆ ಯುರೋಪಿನ ವೈದ್ಯರು ನಂಬಿದ್ದರು. ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಸರಳ ಲೆಕ್ಕ ಹಾಕಿದನು. ಅರ್ಧ ಗಂಟೆಯಲ್ಲಿ ಹೃದಯ ನೂಕುವ ರಕ್ತವೇ ಮೈಯಲ್ಲಿರುವ ಒಟ್ಟು ರಕ್ತಕ್ಕಿಂತ ಹೆಚ್ಚು. ಅಷ್ಟನ್ನು ಯಾವ ಊಟವೂ ಹುಟ್ಟಿಸಲಾರದು. ಎಂದಮೇಲೆ ಇದ್ದ ರಕ್ತವೇ ಸುತ್ತಿ ಸುತ್ತಿ ಬರುತ್ತಿರಬೇಕು!

ಅವ್ವನಿಗೆ ಹಾರ್ವೆ ಬೇಕಿರಲಿಲ್ಲ. ನಾನು ಕಾಳಿ ನದಿಯ ಮಾತು ತೆಗೆದೆ. ಜೋಯಿಡಾ ಸೀಮೆಯಲ್ಲಿ ಹುಟ್ಟಿ ದಾಂಡೇಲಿಯ ಮೇಲೆ ಹಾಯುವ ಆ ಹೊಳೆಗೆ ಅಣೆಕಟ್ಟು ಕಟ್ಟಿದಾಗ ಸೂಪಾ ಊರು ಹಿನ್ನೀರಿನಲ್ಲಿ ಮುಳುಗಿದ್ದನ್ನು ನಮ್ಮ ಕಡೆಯವರು ಮರೆತಿಲ್ಲ. "ಕಟ್ಟಿ ಒಂದು ಕಡೆ ಇರತೈತಿ, ಮುಳುಗೂದು ಅದರ ಹಿಂದಿನ ಊರು. ನಿನಗೂ ಹಂಗ ಆಗೇತಿ ಅವ್ವಾ" ಎಂದೆ. ಅವಳ ದ್ವಿದಳ ಕವಾಟ ಕಿರಿದಾಗಿತ್ತು. ರಕ್ತ ಮುಂದಕ್ಕೆ ಸಾಗದೆ ಎಡ ಹೃತ್ಕರ್ಣದಲ್ಲಿ ತುಂಬಿ, ಅದರ ಒತ್ತಡ ಹಿಂದಿನ ಶ್ವಾಸಕೋಶಕ್ಕೆ ತಟ್ಟುತ್ತಿತ್ತು. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಬಾಗಿಲಾ ತಗೀಬೇಕು" ಎಂದಳು.

ಬಾಗಿಲು ತೆಗೆಯುವ ಉಪಾಯವನ್ನು 1984ರಲ್ಲಿ ಲೋಕಕ್ಕೆ ತಿಳಿಸಿದವರು ಜಪಾನಿನ ಕಾಂಜಿ ಇನೌಯೆ. ಎದೆ ಸೀಳಬೇಕಿಲ್ಲ. ತೊಡೆಯ ರಕ್ತನಾಳದಿಂದ ಸಣ್ಣ ಕೊಳವೆಯೊಂದು ರಕ್ತದ ದಾರಿಯನ್ನೇ ಹಿಡಿದು ಬಲ ಹೃತ್ಕರ್ಣಕ್ಕೆ ಬಂದು, ನಡುಗೋಡೆಯನ್ನು ಸೂಜಿಯಿಂದ ದಾಟಿ, ಎಡಕ್ಕೆ ಹೋಗುತ್ತದೆ. ಅದರ ತುದಿಯ ಬಲೂನು ಕವಾಟದ ನಡುವೆ ಉಬ್ಬಿ, ಅಂಟಿಕೊಂಡ ದಳಗಳನ್ನು ಬಿಡಿಸುತ್ತದೆ. ಕಳೆದ ವರ್ಷ ಅವ್ವನಿಗೆ ಈ ಚಿಕಿತ್ಸೆ ನಡೆಯಿತು. ಕೋಣೆಯ ಹೊರಗೆ ಕುಳಿತ ನಾನು ಅಪ್ಪನಿಗೆ, ಕೊಳವೆ ಈಗ ಎಲ್ಲಿರಬಹುದೆಂದು ಬೆರಳಿನಿಂದ ಅಂಗೈಯ ಮೇಲೆ ಬರೆದು ತೋರಿಸುತ್ತಿದ್ದೆ. ಅಪ್ಪ ನನ್ನ ಕೈ ಬಿಡಲಿಲ್ಲ. ಅವ್ವ ಈಗ ಹೊರೆ ಹೊರುವುದಿಲ್ಲ. ಆದರೆ ಏರು ಹತ್ತುತ್ತಾಳೆ, ರಾತ್ರಿ ನಿದ್ದೆ ಮಾಡುತ್ತಾಳೆ. ಕವಾಟ ಮತ್ತೆ ಕಿರಿದಾಗಬಹುದಾದ್ದರಿಂದ ಪರೀಕ್ಷೆ ತಪ್ಪಿಸುವಂತಿಲ್ಲ.

ಮಿತ್ರರೇ, ಈ ರೋಗದ ಬೇರು ಎಳವೆಯಲ್ಲಿದೆ. ಸ್ಟ್ರೆಪ್ಟೊಕಾಕಸ್ ಎಂಬ ಜೀವಾಣುವಿನಿಂದ ಮಕ್ಕಳಿಗೆ ಗಂಟಲುನೋವು ಬಂದು, ಮದ್ದಿಲ್ಲದೆ ಹೋದರೆ, ಕೆಲವರಲ್ಲಿ ಎರಡು ಮೂರು ವಾರಗಳ ಮೇಲೆ ಜ್ವರ, ಕೀಲುಬಾವು ಕಾಣಿಸುತ್ತವೆ. ಕೀಲುಗಳ ಬಾವು ಇಳಿಯುತ್ತದೆ. ಕವಾಟದ ಗಾಯ ಉಳಿದು ವರ್ಷಗಳ ಮೇಲೆ ಉಸಿರು ಹಿಡಿಯುತ್ತದೆ. ಸಕಾಲದಲ್ಲಿ ಕೊಟ್ಟ ಪೆನಿಸಿಲಿನ್ ಇದನ್ನು ತಡೆಯಬಲ್ಲದು. ರಜೆಗೆ ಮುಂಡಗೋಡಿಗೋ ಜೋಯಿಡಾಕ್ಕೋ ನಿಮ್ಮ ನಿಮ್ಮ ಊರಿಗೆ ಹೋದಾಗ, ಜ್ವರದೊಡನೆ ಗಂಟಲು ನೋಯುತ್ತದೆಂದು ತಮ್ಮನೋ ತಂಗಿಯೋ ಅತ್ತರೆ, ಬಿಸಿನೀರು ಕುಡಿಸಿ ಮಲಗಿಸಿ ಸುಮ್ಮನಾಗಬೇಡಿ; ವೈದ್ಯರಲ್ಲಿಗೆ ಕರೆದೊಯ್ಯಿರಿ.