ಲಂಡನ್ನಿನಿಂದ ಡಾರ್ವಿನ್ನಿಗೆ

ಶಾಲೆಯ ಭೂಗೋಳದ ಗುಂಡಿನ ಮೇಲೆ ಲಂಡನ್ ನಗರಕ್ಕೂ ಆಸ್ಟ್ರೇಲಿಯದ ಉತ್ತರ ತೀರದ ಡಾರ್ವಿನ್ನಿಗೂ ನಡುವೆ ಒಂದು ದಾರವನ್ನು ಬಿಗಿದು ಹಿಡಿದರೆ, ಅದು ಸೂಚಿಸುವ ದೂರ ಸುಮಾರು 13,850 ಕಿಲೋಮೀಟರು. ಈ ದೂರ ಎಂದೂ ಕುಗ್ಗಿಲ್ಲ. ಕುಗ್ಗಿದುದು ಅದನ್ನು ದಾಟುವ ಕಾಲ. 2021ರ ನವೆಂಬರಿನಲ್ಲಿ ಈ ಎರಡು ನಗರಗಳ ನಡುವೆ ಎಲ್ಲಿಯೂ ಇಳಿಯದ ವಿಮಾನಸಂಚಾರ ಮೊದಲಾಗಿ ಕೆಲವು ತಿಂಗಳು ನಡೆಯಿತು. ಅದಕ್ಕೆ ಹಿಡಿಯುತ್ತಿದ್ದುದು ಸುಮಾರು 17 ಗಂಟೆ. ಎರಡು ಊಟ, ಒಂದು ನಿದ್ರೆ. ಅಷ್ಟರಲ್ಲಿ ಯೂರೋಪು ಏಷ್ಯಗಳೆರಡೂ ಹಿಂದೆ ಸರಿದಿರುತ್ತಿದ್ದವು.

ಈ ದಾರಿಯನ್ನು ಮೊದಲು ಕ್ರಮಿಸಿದವರ ಕಥೆಯೇ ಬೇರೆ. ಬ್ರಿಟನ್ನಿನಿಂದ 30 ದಿನಗಳೊಳಗೆ ಹಾರಿಬರುವ ಆಸ್ಟ್ರೇಲಿಯನ್ನರಿಗೆ 10,000 ಪೌಂಡುಗಳ ಬಹುಮಾನವನ್ನು ಆಸ್ಟ್ರೇಲಿಯ ಸರ್ಕಾರ 1919ರಲ್ಲಿ ಸಾರಿತು. ಆ ವರ್ಷದ ನವೆಂಬರ್ 12ರಂದು ರಾಸ್ ಸ್ಮಿತ್, ಅವರ ಅಣ್ಣ ಕೀತ್ ಸ್ಮಿತ್, ಯಂತ್ರಕುಶಲರಾದ ಬೆನೆಟ್ ಮತ್ತು ಶಿಯರ್ಸ್ ‘ವಿಕರ್ಸ್ ವಿಮಿ’ ವಿಮಾನದಲ್ಲಿ ಲಂಡನ್ನಿನಿಂದ ಮೇಲೇರಿದರು. ಕುಳಿತುಕೊಳ್ಳುವ ತಾಣಕ್ಕೆ ಮೇಲ್ಛಾವಣಿಯಿಲ್ಲ. ಮಳೆ, ಹಿಮ, ಗಾಳಿಗಳೆಲ್ಲವೂ ನೇರವಾಗಿ ಮುಖಕ್ಕೆ. ವಿಮಾನದ ಮೇಲೆ ಬರೆದಿದ್ದ ಗುರುತಿನ ಅಕ್ಷರಗಳನ್ನು ಅವರು ‘ದೇವರೇ, ನಮ್ಮೆಲ್ಲರನ್ನೂ ಕಾಪಾಡು’ ಎಂದು ವಿನೋದವಾಗಿ ಬಿಡಿಸಿ ಓದುತ್ತಿದ್ದರಂತೆ. ಆ ಪ್ರಾರ್ಥನೆ ಬರಿಯ ವಿನೋದವಾಗಿರಲಿಲ್ಲ. ಅದೇ ಪಂದ್ಯಕ್ಕೆ ಹೊರಟ ಬೇರೆ ನಾಲ್ವರಲ್ಲಿ ಇಬ್ಬರು ಹೊರಟೊಡನೆಯೇ ವಿಮಾನ ಕೆಡೆದು ಮಡಿದರು. ಇನ್ನಿಬ್ಬರು ಗ್ರೀಸಿನ ಕಾರ್ಫು ದ್ವೀಪದ ಬಳಿ ಕಡಲಿನ ಪಾಲಾದರು.

ಕೈರೋ, ಕರಾಚಿ, ದೆಹಲಿ, ಅಲಹಾಬಾದುಗಳನ್ನು ದಾಟಿ ವಿಮಿ ಕಲ್ಕತ್ತೆಗೆ ಬಂದು, ಕುದುರೆ ಪಂದ್ಯದ ಬಯಲಿನಲ್ಲಿ ಇಳಿಯಿತು. ಅಲ್ಲಿಂದ ಮೇಲೇಳುವಾಗ ಹಕ್ಕಿಯೊಂದು ಬಡಿದರೂ ದೈವವಶಾತ್ ಅಪಾಯವಾಗಲಿಲ್ಲ. ರಂಗೂನು, ಸಿಂಗಪುರಗಳ ತರುವಾಯ ಜಾವಾ ದ್ವೀಪದ ಸುರಬಾಯದಲ್ಲಿಯಾದರೋ, ಗೆಲುವು ಕೈತಪ್ಪುವಂತೆಯೇ ತೋರಿತು. ಮೇಲೆ ಗಟ್ಟಿಯಾಗಿ ಕಾಣುತ್ತಿದ್ದ ನೆಲದ ಕೆಳಗೆಲ್ಲ ಕೆಸರು. ವಿಮಾನದ ಚಕ್ರಗಳು ಹೂತುಹೋದವು. ಗಡುವಿನ ದಿನಗಳು ಕೆಲವೇ ಉಳಿದಿದ್ದವು. ಆಗ ನೆರವಿಗೆ ಬಂದವರು ಊರ ಜನ. ಬಿದಿರಿನ ಚಾಪೆಗಳನ್ನು ಹೊತ್ತು ತಂದು ಒಂದಕ್ಕೊಂದು ಸೇರಿಸಿ ಕೆಸರಿನ ಮೇಲೆ ಹಾಸಿದರು. ಆ ಚಾಪೆಯ ಹಾದಿಯ ಮೇಲೆ ಓಡಿ ವಿಮಿ ಗಗನಕ್ಕೇರಿತು.

ಡಿಸೆಂಬರ್ 10ರಂದು ತಿಮೋರ್ ಸಮುದ್ರವನ್ನು ದಾಟಿ ಅವರು ಡಾರ್ವಿನ್ನಿನಲ್ಲಿ ಇಳಿದರು. 28 ದಿನಗಳ ಯಾತ್ರೆ. ಬಾನಿನಲ್ಲಿ ಕಳೆದುದು ಸುಮಾರು 135 ಗಂಟೆ. ಬಹುಮಾನವನ್ನು ನಾಲ್ವರೂ ಸಮನಾಗಿ ಹಂಚಿಕೊಂಡರು. ರಾಸ್ ಸ್ಮಿತ್ ಮತ್ತು ಬೆನೆಟ್ ಅದನ್ನು ಬಹುಕಾಲ ಅನುಭವಿಸಲಿಲ್ಲ. 1922ರಲ್ಲಿ ಮತ್ತೊಂದು ವಿಮಾನವನ್ನು ಪರೀಕ್ಷಿಸುತ್ತಿದ್ದಾಗ ಇಬ್ಬರೂ ಮಡಿದರು.

ವಿಮಿ ಇಂದಿಗೂ ಅಡಿಲೇಡ್ ವಿಮಾನ ನಿಲ್ದಾಣದಲ್ಲಿದೆ. ಇಂದಿನ ಯಾತ್ರಿಕನಿಗೆ ಹತ್ತಾರು ಸಾವಿರ ಅಡಿಗಳ ಎತ್ತರದಿಂದ ಸುರಬಾಯವು ಕಂಡರೂ ಒಂದು ಬೆಳಕಿನ ಚುಕ್ಕೆ. ಆ ನಾಲ್ವರಿಗಾದರೋ, ಅದು ಊರವರು ಚಾಪೆ ಹಾಸಿ ಬೀಳ್ಕೊಟ್ಟ ಊರು.