ಕೋಟೆಯಿಂದ ಯೂರೋಪಿಗೆ: ಹೊರಡುವ ಮುನ್ನ

ಮೈಸೂರಿನಿಂದ ಮಾನಂದವಾಡಿ ರಸ್ತೆ ಹಿಡಿದು ಜಯಪುರ, ಹಂಪಾಪುರಗಳನ್ನು ದಾಟಿ ಐವತ್ತು ಕಿಲೋಮೀಟರಿನಷ್ಟು ಸಾಗಿದರೆ ಹ್ಯಾಂಡ್‌ಪೋಸ್ಟ್ ಸಿಗುತ್ತದೆ. ಅಲ್ಲಿ ಹೊರಳಿದರೆ ಸ್ವಲ್ಪ ದೂರದಲ್ಲೇ ಹೆಗ್ಗಡದೇವನಕೋಟೆ. ಜನರ ಬಾಯಲ್ಲಿ ಬರೀ 'ಕೋಟೆ'. ಕಬಿನಿ, ನುಗು, ತಾರಕ, ಹೆಬ್ಬಳ್ಳ ಎಂದು ನಾಲ್ಕು ಜಲಾಶಯಗಳಿರುವ ಸೀಮೆ ಇದು. ಆದರೂ ಇಲ್ಲಿನ ಬಹುಪಾಲು ರೈತರು ಮುಗಿಲು ನೋಡುವುದನ್ನು ಬಿಟ್ಟಿಲ್ಲ. ಹತ್ತಿ, ರಾಗಿ, ಮುಸುಕಿನ ಜೋಳ, ಹೊಗೆಸೊಪ್ಪು ಇವರ ಬೆಳೆಗಳು.

ಹುಣಸೂರು, ಪಿರಿಯಾಪಟ್ಟಣಗಳಂತೆ ಕೋಟೆಯ ಕಡೆಯೂ ಹೊಗೆಸೊಪ್ಪಿನ ಹರಾಜು ಹಬ್ಬವಿದ್ದಂತೆ. 1976ರಲ್ಲಿ ಆರಂಭವಾದ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯಲ್ಲಿ ಬೇಲುಗಳು ಸಾಲಾಗಿ ಕುಳಿತಿರುತ್ತವೆ. ಬಂದ ಖರೀದಿದಾರರು ಮೇಲಿನ ಎಲೆಗಳನ್ನಷ್ಟೇ ನೋಡಿ ಬೆಲೆ ಕೂಗುವುದಿಲ್ಲ. ಒಳಗಿನಿಂದ ಎಲೆ ಎಳೆದು ಬಣ್ಣ ನೋಡುತ್ತಾರೆ, ಮುಟ್ಟಿ ಹದ ನೋಡುತ್ತಾರೆ, ಮೂಸುತ್ತಾರೆ. ಬ್ಯಾರನ್ನಿನ ಮುಂದೆ ರಾತ್ರಿಯೆಲ್ಲ ನಿದ್ದೆಗೆಟ್ಟು ಸೊಪ್ಪು ಹದಗೊಳಿಸಿದ ರೈತನಿಗೂ ಈ ಪರೀಕ್ಷೆ ಚೆನ್ನಾಗಿ ಗೊತ್ತು.

ಇಂಥದೊಂದು ಬೆಳೆಗಾರರ ಮನೆಗೆ ಒಂದು ದಿನ ಬಣ್ಣಬಣ್ಣದ ಮಾಹಿತಿ ಪುಸ್ತಿಕೆ ಬಂತು. ಮನೆಯ ಮಗಳು ಆಗಷ್ಟೇ ಬಿ.ಕಾಂ. ಮುಗಿಸಿದ್ದಳು. ಯೂರೋಪಿನ ಒಂದು ಬಿಸಿನೆಸ್ ಸ್ಕೂಲಿನಲ್ಲಿ ಒಂದೇ ವರ್ಷದಲ್ಲಿ ಎಂ.ಬಿ.ಎ.; ಸೀಟು ಕೊಡಿಸುವ ಹೊಣೆ ಏಜೆಂಟರದು. ಪುಸ್ತಿಕೆಯ ತುಂಬ ಕಲ್ಲಿನ ಕಟ್ಟಡ, ಹಸಿರು ಹುಲ್ಲುಹಾಸು, ನಗುವ ಮುಖಗಳು. ಶುಲ್ಕಕ್ಕೆ ಬ್ಯಾಂಕಿನ ಸಾಲ ಬೇಕು. ಸಾಲಕ್ಕೆ ಮನೆಯವರ ಮೂರು ಎಕರೆ ಹೊಲ ಒತ್ತೆ ಬೀಳಬೇಕು. ಅದೇ ಅವರ ಇಡೀ ಆಸ್ತಿ.

ಅಪ್ಪ ಪುಸ್ತಿಕೆಯನ್ನು ಎರಡು ಸಲ ತಿರುವಿ ಹಾಕಿದರು. "ಬೇಲಿನ ಮೇಲ್ಗಡೆ ಸೊಪ್ಪು ಯಾವಾಗ್ಲೂ ಚಂದಾಗೇ ಇರ್ತದೆ ಕಣವ್ವ. ಒಳಗೆ ಕೈ ಇಟ್ಟು ನೋಡ್ಬೇಕು" ಎಂದರು. ಯೂರೋಪಿಗೆ ಹೋಗಿ ಕೈ ಇಡುವುದು ಹೇಗೆ? ಹತ್ತಿರದಲ್ಲಿ ತಿಳಿದವರನ್ನಾದರೂ ಕೇಳೋಣ ಎಂದು ಅಪ್ಪ, ಮಗಳು ಬೆಳಗಿನ ಬಸ್ಸು ಹತ್ತಿದರು.

ಮಾನಸಗಂಗೋತ್ರಿಯಲ್ಲಿ

ಮೊದಲು ಹೋದದ್ದು ಮೈಸೂರಿನ ಮಾನಸಗಂಗೋತ್ರಿಗೆ. ಕುವೆಂಪು ಅವರು ಹೆಸರಿಟ್ಟ ಈ ಆವರಣದಲ್ಲಿ ಬಿ.ಎನ್. ಬಹದ್ದೂರ್ ನಿರ್ವಹಣಾ ವಿಜ್ಞಾನ ಸಂಸ್ಥೆ ಇದೆ. ಮೈಸೂರು ವಿಶ್ವವಿದ್ಯಾನಿಲಯದ ಎಂ.ಬಿ.ಎ. ಓದುವುದು ಇಲ್ಲೇ. ಮರಗಳ ನೆರಳಿನಲ್ಲಿ ಅಧ್ಯಾಪಕರೊಬ್ಬರು ಸಮಾಧಾನವಾಗಿ ಕೂತು ಮಾತಾಡಿದರು.

ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ. ಬಿಸಿನೆಸ್ ಸ್ಕೂಲುಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಅಮೆರಿಕದ ಎ.ಎ.ಸಿ.ಎಸ್.ಬಿ. ಸಂಸ್ಥೆ ಹುಟ್ಟಿದ್ದೂ ಅದೇ ವರ್ಷ. ಲಂಡನ್ನಿನ ಆಂಬಾ 1967ರದು, ಬ್ರಸೆಲ್ಸ್‌ನಿಂದ ನಡೆಯುವ ಈಕ್ವಿಸ್ 1997ರದು. ಈ ಮೂರೂ ಮುದ್ರೆಗಳಿರುವ ಶಾಲೆಗಳು ಜಗತ್ತಿನಲ್ಲಿ ಕೆಲವೇ. "ಮುದ್ರೆ ಇದೆ ಎಂದು ಪುಸ್ತಿಕೆ ಹೇಳಿದರೆ ಸಾಲದು. ಮುದ್ರೆ ಕೊಟ್ಟವರ ಪಟ್ಟಿಯಲ್ಲೇ ಶಾಲೆಯ ಹೆಸರು ಹುಡುಕಿ" ಎಂದು ಅವರು ತಿಳಿಸಿದರು.

ಯೂರೋಪಿನ ಶಾಲೆಗಳು ಕೀಳೆಂದು ಯಾರೂ ಹೇಳುವಂತಿಲ್ಲ. ಅಮೆರಿಕದ ವಾರ್ಟನ್ ಮತ್ತು ಪ್ಯಾರಿಸಿನ ಎಚ್.ಇ.ಸಿ. ಎರಡೂ 1881ರಲ್ಲೇ ಹುಟ್ಟಿದವು. ಪ್ಯಾರಿಸಿನ ಬಳಿ ಫಾಂಟೆನ್‌ಬ್ಲೋದಲ್ಲಿರುವ ಇನ್ಸಿಯಾಡ್ 1957ರಲ್ಲಿ ಸ್ಥಾಪನೆಯಾಯಿತು. ಅಲ್ಲಿನ ಎಂ.ಬಿ.ಎ. ಹತ್ತು ತಿಂಗಳಿನದು. ಅಮೆರಿಕದಲ್ಲಿ ಸಾಮಾನ್ಯವಾಗಿ ಎರಡು ವರ್ಷ. ಒಂದು ವರ್ಷದ ಶುಲ್ಕವೂ ಸಂಬಳವೂ ಉಳಿಯುತ್ತದೆಂದು ಅಮೆರಿಕದ ವಿದ್ಯಾರ್ಥಿಗಳೂ ಅಟ್ಲಾಂಟಿಕ್ ದಾಟಿ ಯೂರೋಪಿಗೆ ಬರುತ್ತಾರೆ. ಅವರಿಗೂ ಕೋಟೆಯ ಹುಡುಗಿಯದೇ ಚಿಂತೆ: ಹಿಂದಿರುಗಿದಾಗ ಈ ಶಾಲೆಯ ಹೆಸರು ತಮ್ಮೂರ ಕಂಪನಿಗಳಿಗೆ ಗೊತ್ತಿರುತ್ತದೆಯೇ? ತಮ್ಮ ಸರ್ಕಾರದ ವಿದ್ಯಾರ್ಥಿ ಸಾಲ ಯಾವ ಯಾವ ವಿದೇಶಿ ಶಾಲೆಗೆ ಸಿಗುತ್ತದೆಂಬ ಪಟ್ಟಿಯನ್ನು ಅವರು ಮೊದಲು ನೋಡುತ್ತಾರೆ. ನಮ್ಮವರು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಮುಂದೆ ಇಲ್ಲಿ ಸರ್ಕಾರಿ ಕೆಲಸಕ್ಕೋ ಸಂಶೋಧನೆಗೋ ಹೋಗುವುದಾದರೆ ಹೊರದೇಶದ ಪದವಿಗೆ ಸಮಾನತೆಯ ಪ್ರಮಾಣಪತ್ರ ಬೇಕಾಗುತ್ತದೆ. ಅದು ಈ ಪದವಿಗೆ ಸಿಗುತ್ತದೆಯೇ?

ಮಾತು ಮುಗಿಯುವ ಹೊತ್ತಿಗೆ ಅಧ್ಯಾಪಕರು ಇನ್ನೊಂದು ವಿಷಯ ಹೇಳಿದರು. ಇನ್ಸಿಯಾಡ್‌ನಂಥ ಕಡೆ ಒಂದು ವರ್ಷದ ಎಂ.ಬಿ.ಎ. ಇರುವುದು ಕೆಲವು ವರ್ಷ ಕೆಲಸ ಮಾಡಿ ಬಂದವರಿಗೆ. ಈಗಷ್ಟೇ ಪದವಿ ಮುಗಿಸಿದವರಿಗೆ ಯೂರೋಪಿನಲ್ಲಿ 'ಮಾಸ್ಟರ್ ಇನ್ ಮ್ಯಾನೇಜ್‌ಮೆಂಟ್' ಎಂಬ ಬೇರೆಯೇ ಕೋರ್ಸು ಇದೆ. ಮಗಳು ಪುಸ್ತಿಕೆ ತೆರೆದು ಪ್ರವೇಶದ ನಿಯಮವನ್ನು ಮತ್ತೆ ಓದಿದಳು. ಅಲ್ಲಿ ಕೆಲಸದ ಅನುಭವದ ಮಾತೇ ಇರಲಿಲ್ಲ. ಯಾವ ಪ್ರವೇಶ ಪರೀಕ್ಷೆಯ ಹೆಸರೂ ಇರಲಿಲ್ಲ. ಹಣ ಕಟ್ಟುವ ಕೊನೆಯ ದಿನ ಮಾತ್ರ ದಪ್ಪ ಅಕ್ಷರದಲ್ಲಿತ್ತು.

ಬನ್ನೇರುಘಟ್ಟ ರಸ್ತೆಯಲ್ಲಿ

ಮರುವಾರದ ಪಯಣ ಬೆಂಗಳೂರಿಗೆ. 1973ರಲ್ಲಿ ಆರಂಭವಾದ ಭಾರತೀಯ ನಿರ್ವಹಣಾ ಸಂಸ್ಥೆ, ಅಂದರೆ ಐ.ಐ.ಎಂ., ಇರುವುದು ಬನ್ನೇರುಘಟ್ಟ ರಸ್ತೆಯಲ್ಲಿ. ಫತೇಪುರ್ ಸಿಕ್ರಿಯ ಅಂಗಳಗಳಿಂದ ಸ್ಫೂರ್ತಿ ಪಡೆದು ವಾಸ್ತುಶಿಲ್ಪಿ ಬಿ.ವಿ. ದೋಶಿ ಇದನ್ನು ರೂಪಿಸಿದರು. ಬೂದು ಕಲ್ಲಿನ ಉದ್ದನೆಯ ಮೊಗಸಾಲೆಗಳು, ಮೇಲೆ ಹಬ್ಬಿದ ಬಳ್ಳಿ, ನೆಲದ ಮೇಲೆ ಬಿಸಿಲು ನೆರಳಿನ ಆಟ. ನೋಡುತ್ತ ನಡೆದರೆ ಮಾತೇ ಬೇಡವೆನಿಸುತ್ತದೆ. ಅಪ್ಪ ಮಾತ್ರ ಒಂದು ಕಂಬದ ಕಲ್ಲನ್ನು ಮುಟ್ಟಿ ನೋಡಿ, "ಇದು ಬಾಳ ವರ್ಷ ನಿಲ್ತದೆ" ಎಂದರು.

ಈ ಸಂಸ್ಥೆಗೆ ಈಕ್ವಿಸ್ ಮಾನ್ಯತೆ ಇದೆ. ವಿನಿಮಯ ಯೋಜನೆಯಡಿ ಇಲ್ಲಿನವರು ಒಂದು ಅವಧಿ ಯೂರೋಪಿನ ಶಾಲೆಗಳಿಗೆ ಹೋಗುತ್ತಾರೆ, ಅಲ್ಲಿನವರು ಇಲ್ಲಿಗೆ ಬರುತ್ತಾರೆ. ಪರಿಚಯದ ವಿದ್ಯಾರ್ಥಿಯೊಬ್ಬ ಅಂಥ ಫ್ರೆಂಚ್ ಹುಡುಗನನ್ನು ಭೇಟಿ ಮಾಡಿಸಿದ. ಹುಡುಗಿ ಪುಸ್ತಿಕೆ ತೋರಿಸಿದಳು. ಆ ಶಾಲೆಯ ಹೆಸರನ್ನು ಅವನು ಕೇಳಿರಲೇ ಇಲ್ಲ. ಅವನು ಹೇಳಿದ್ದು ಎರಡೇ ಮಾತು. ಒಂದು, ಫ್ರಾನ್ಸಿನಲ್ಲಿ ಯಾವ ಪದವಿಗೆ ಮಾಸ್ಟರ್ ದರ್ಜೆ ಎಂಬುದನ್ನು ಸರ್ಕಾರ ಗುರುತಿಸುತ್ತದೆ; ಆ ಗುರುತು ಇದೆಯೇ ಎಂದು ವಿಚಾರಿಸಬೇಕು. ಎರಡು, ಪಾಠ ಇಂಗ್ಲಿಷಿನಲ್ಲಿ ನಡೆದರೂ ಆ ದೇಶದ ಭಾಷೆ ಬಾರದವರಿಗೆ ಅಲ್ಲಿ ಕೆಲಸ ಸಿಗುವುದು ಕಷ್ಟ.

ಮರಳಿ ಕೋಟೆಗೆ

ಹಿಂದಿರುಗಿದ ಮೇಲೆ ಹುಡುಗಿ ಏಜೆಂಟರಿಗೆ ಮೂರು ಪ್ರಶ್ನೆ ಬರೆದು ಕಳಿಸಿದಳು. ಪದವಿಗೆ ಯಾವ ಸರ್ಕಾರದ ಮಾನ್ಯತೆ ಇದೆ? ಹಿಂದಿನ ವರ್ಷ ಭಾರತದಿಂದ ಹೋದ ಇಬ್ಬರೊಡನೆ ಮಾತಾಡಲು ಸಾಧ್ಯವೇ? ಕೋರ್ಸು ಮುಗಿಸಿದವರಲ್ಲಿ ಎಷ್ಟು ಮಂದಿಗೆ, ಎಂಥ ಕೆಲಸ ಸಿಕ್ಕಿದೆ? ಉತ್ತರವಾಗಿ ಬಂದದ್ದು ಶುಲ್ಕದಲ್ಲಿ ಹತ್ತು ಪರ್ಸೆಂಟ್ ರಿಯಾಯಿತಿ, ಈ ವಾರವೇ ಹಣ ಕಟ್ಟಿದರೆ.

ಅಪ್ಪನಿಗೆ ಅಷ್ಟು ಸಾಕಾಯಿತು. "ಕೇಳಿದ್ದಕ್ಕೆ ಬೆಲೆ ಇಳಿಸ್ತಾರೆ ಅಂದ್ರೆ ಒಳಗಡೆ ಸೊಪ್ಪು ಮುಗ್ಗಲು" ಎಂದು ಪುಸ್ತಿಕೆಯನ್ನು ಮಡಚಿಟ್ಟರು. ಮಗಳ ಕಣ್ಣಲ್ಲಿ ನೀರಿತ್ತು. ಹೊಲ ಉಳಿಯಿತೆಂಬ ನೆಮ್ಮದಿಗಿಂತ, ಊರ ಗೆಳತಿಯರಿಗೆಲ್ಲ ಯೂರೋಪಿಗೆ ಹೋಗುತ್ತೇನೆಂದು ಹೇಳಿಬಿಟ್ಟಿದ್ದ ನಾಚಿಕೆಯೇ ಅವಳಿಗೆ ದೊಡ್ಡದಾಗಿತ್ತು.

"ಬ್ಯಾಡ ಅಂತ ನಾನೆಲ್ಲಿ ಅಂದೆ? ಈ ಸ್ಕೂಲು ಬ್ಯಾಡ ಅಂದೆ ಅಷ್ಟೇಯ" ಎಂದರು ಅಪ್ಪ.

ಎರಡು ದಿನ ಕಳೆದ ಮೇಲೆ ಅವಳೇ ಒಂದು ಲೆಕ್ಕ ಹಾಕಿ ತಂದಳು. ಮೊದಲು ಪಿ.ಜಿ.ಸಿ.ಇ.ಟಿ. ಬರೆದು ಮೈಸೂರಿನಲ್ಲೇ ಎಂ.ಬಿ.ಎ.; ಆಮೇಲೆ ಮೂರ್ನಾಲ್ಕು ವರ್ಷ ಕೆಲಸ; ಆ ನಡುವೆ ಫ್ರೆಂಚ್ ಅಥವಾ ಜರ್ಮನ್ ಕಲಿಕೆ. ಆಗಲೂ ಯೂರೋಪು ಬೇಕೆನಿಸಿದರೆ ತನ್ನ ಸಂಬಳದ ಮೇಲೇ ಸಾಲ ಎತ್ತಿ ಹೋಗುವುದು. ಕಾಗದದ ಕೊನೆಗೆ ಮಾನಸಗಂಗೋತ್ರಿಯಲ್ಲಿ ಕೇಳಿದ ಮೂರು ಮುದ್ರೆಗಳ ಹೆಸರನ್ನೂ ಬರೆದಿಟ್ಟಿದ್ದಳು.

ಆ ಸಲ ಹರಾಜು ಶುರುವಾದಾಗ ಅಪ್ಪನ ಜೊತೆ ಅವಳೂ ಮಾರುಕಟ್ಟೆಗೆ ಹೋದಳು. ಖರೀದಿದಾರನೊಬ್ಬ ಬಂದು ಅವರ ಬೇಲಿನೊಳಗೆ ಮೊಣಕೈವರೆಗೆ ಕೈ ಹಾಕಿದ. ಎಳೆದ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ, ಬೆಲೆ ಹೇಳಿ, ಮುಂದಿನ ಬೇಲಿಗೆ ಹೋದ.