ಆಫ್ ಮಾಡಿ ಆನ್ ಮಾಡಿದ ಮೇಲೆ: ಒಂದು ಹಾರ್ಡ್ ಡಿಸ್ಕ್ ಪಾಠದ ಅನುಭವ

ಬೋಧನಾಭ್ಯಾಸದ ದಿನಗಳಲ್ಲಿ ಶಾಲೆಯ ಕಂಪ್ಯೂಟರ್ ಕೊಠಡಿಯನ್ನು ನಾವು ಹೆಚ್ಚಾಗಿ ಸ್ಲೈಡ್ ತೋರಿಸಲು, ವಿಡಿಯೊ ಹಾಕಲು ಬಳಸುತ್ತೇವೆ. ಕಂಪ್ಯೂಟರೇ ಪಾಠದ ವಸ್ತುವಾಗುವುದು ಕಡಿಮೆ. ಕಳೆದ ಸಾಲಿನಲ್ಲಿ ರವೀಂದ್ರನಗರದ ಆಸುಪಾಸಿನ ಒಂದು ಪ್ರೌಢಶಾಲೆಗೆ ನಾನು ಮೇಲ್ವಿಚಾರಕನಾಗಿ ಹೋಗಿದ್ದಾಗ, ಭೌತವಿಜ್ಞಾನದ ಪ್ರಶಿಕ್ಷಣಾರ್ಥಿಯೊಬ್ಬರು ಒಂದು ಹಾರ್ಡ್ ಡಿಸ್ಕನ್ನೇ ಪಾಠಕ್ಕೆ ಆರಿಸಿಕೊಂಡರು. ಅಲ್ಲಿ ಎದ್ದ ಪ್ರಶ್ನೆ ನಮ್ಮೆಲ್ಲರ ಪಾಠಯೋಜನೆಗೂ ಸಂಬಂಧಿಸಿದ್ದು: ಮೌಲ್ಯಮಾಪನ ಯಾವಾಗ ನಡೆಯಬೇಕು?

ಆ ಶಾಲೆಯ ಕಂಪ್ಯೂಟರುಗಳಲ್ಲಿದ್ದದ್ದು ಉಬುಂಟು ಲಿನಕ್ಸ್. ನಮ್ಮ ರಾಜ್ಯದ ಪ್ರೌಢಶಾಲಾ ಶಿಕ್ಷಕರಿಗೆ ಇದು ಹೊಸದಲ್ಲ. 2011ರಲ್ಲಿ ಆರಂಭವಾದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲೇ ಅನೇಕರು ಇದನ್ನು ಬಳಸಲು ಕಲಿತರು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಕೇರಳದ ಐಟಿ ಅಟ್ ಸ್ಕೂಲ್ ಯೋಜನೆಯ ಮೂಲಕ, 2017ರಿಂದ ಅದೇ ಯೋಜನೆ ಕೈಟ್ ಎಂಬ ಸಂಸ್ಥೆಯಾದ ಮೇಲೂ, ಲಿನಕ್ಸ್‌ನಲ್ಲೇ ಕಲಿಯುತ್ತಿದ್ದಾರೆ.

ಕೊಠಡಿಯ ಒಂದು ಕಂಪ್ಯೂಟರಿನಲ್ಲಿ ಎರಡು ಡಿಸ್ಕ್‌ಗಳಿದ್ದವು. ಎರಡನೆಯದು ಹಳೆಯ ಲ್ಯಾಪ್‌ಟಾಪಿನಿಂದ ತೆಗೆದು ಹಾಕಿದ್ದು. ಮಕ್ಕಳ ಯೋಜನಾಕಾರ್ಯಗಳು, ತುಂಗಾ ನದಿಯ ನೀರು ಪರೀಕ್ಷಿಸಿದ ಚಿತ್ರಗಳು, ಅಜ್ಜಿಯರಿಂದ ಧ್ವನಿಮುದ್ರಿಸಿಕೊಂಡ ಗಾದೆಗಳು ಎಲ್ಲವೂ ಅದರಲ್ಲಿದ್ದವು. ಅದು ಆಗಾಗ ‘ಟಿಕ್’ ಎನ್ನುತ್ತಿತ್ತು. ಕಾರಣ ಸರಳ. ಲ್ಯಾಪ್‌ಟಾಪ್ ಡಿಸ್ಕ್ ಕೆಲವು ಕ್ಷಣ ಕೆಲಸವಿಲ್ಲದಿದ್ದರೆ ವಿದ್ಯುತ್ ಉಳಿಸಲು, ಅಲುಗಾಟದಿಂದ ಹಾನಿಯಾಗದಿರಲು ತನ್ನ ಹೆಡ್ಡನ್ನು ಬದಿಗೆ ಸರಿಸಿ ನಿಲ್ಲಿಸುತ್ತದೆ. ಅಷ್ಟರಲ್ಲಿ ವ್ಯವಸ್ಥೆ ಏನನ್ನೋ ಬರೆಯಲು ಕರೆಯುತ್ತದೆ, ಹೆಡ್ ಮರಳುತ್ತದೆ, ಮತ್ತೆ ಬದಿಗೆ ಸರಿಯುತ್ತದೆ. ಮೇಜಿನ ಮೇಲೆ ಅಲುಗಾಡದೆ ಕುಳಿತ ಕಂಪ್ಯೂಟರಿಗೆ ಇಷ್ಟೊಂದು ಎಚ್ಚರಿಕೆ ಬೇಕಿಲ್ಲ. ಹೆಡ್ಡಿಗೆ ಮಾತ್ರ ಸವೆತ.

ಪಾಠಕ್ಕೆ ಮೊದಲೇ ಕೊಠಡಿಯ ಉಸ್ತುವಾರಿ ಶಿಕ್ಷಕರು ಎಲ್ಲ ಕಡತಗಳ ಪ್ರತಿ ತೆಗೆದಿಟ್ಟರು. ಆಮೇಲೆ ಒಂಬತ್ತನೆಯ ತರಗತಿಯ ಮಕ್ಕಳು ಗಡಿಯಾರ ನೋಡುತ್ತಾ ಸದ್ದು ಎಣಿಸಿದರು: 5 ನಿಮಿಷಕ್ಕೆ 10. ಗಂಟೆಗೆ 120, ದಿನಕ್ಕೆ 5 ಗಂಟೆಯಂತೆ 600. ಡಿಸ್ಕ್ ತಾನೇ ಇಟ್ಟುಕೊಳ್ಳುವ ‘ಸ್ಮಾರ್ಟ್’ ದಾಖಲೆಯಲ್ಲಿ ಈ ಸಂಖ್ಯೆ ಆಗಲೇ 1,94,000 ಆಗಿತ್ತು. ಇಂಥ ಡಿಸ್ಕ್‌ಗಳಿಗೆ ತಯಾರಕರು ಹೇಳುವ ಮಿತಿ ಸಾಮಾನ್ಯವಾಗಿ 3 ಲಕ್ಷದಿಂದ 6 ಲಕ್ಷ. ಕಡಿಮೆ ಮಿತಿಯನ್ನು ಹಿಡಿದರೆ ಉಳಿದದ್ದು 1,06,000. ಅಂದರೆ ಸುಮಾರು 177 ಶಾಲಾ ದಿನ. ಮಿತಿ ಮುಟ್ಟಿದ ದಿನವೇ ಡಿಸ್ಕ್ ಕೆಡುತ್ತದೆ ಎಂದೇನಿಲ್ಲ. ಆದರೂ ಕಪ್ಪುಹಲಗೆಯ ಮೇಲೆ ಆ ಭಾಗಾಕಾರ ಮುಗಿದಾಗ ತರಗತಿ ಸುಮ್ಮನಾಯಿತು. ‘ನಮ್ಮಜ್ಜಿ ಗಾದೆ ಹೋಗ್ಬಿಡುತ್ತಾ ಮಿಸ್?’ ಎಂದು ಒಬ್ಬಳು ಕೇಳಿದಳು.

ಪರಿಹಾರದ ಉಪಕರಣದ ಹೆಸರು ಎಚ್‌ಡಿಪಾರ್ಮ್. ಕೆನಡಾದ ಮಾರ್ಕ್ ಲಾರ್ಡ್ ಬರೆದ ಪುಟ್ಟ ತಂತ್ರಾಂಶ. ಡಿಸ್ಕಿನ ವಿದ್ಯುತ್ ಉಳಿತಾಯದ ಮಟ್ಟವನ್ನು 1ರಿಂದ 254ರವರೆಗೆ ಇಡಬಹುದು. 127ರವರೆಗೆ ಡಿಸ್ಕ್ ತಿರುಗುವುದನ್ನೂ ನಿಲ್ಲಿಸಬಹುದು, 128ರಿಂದ ಮೇಲೆ ನಿಲ್ಲಿಸುವುದಿಲ್ಲ. ನಮ್ಮ ಡಿಸ್ಕ್ 128ರಲ್ಲಿತ್ತು. ಉಸ್ತುವಾರಿ ಶಿಕ್ಷಕರು 254 ಎಂದು ಕೊಟ್ಟೊಡನೆ ಟಿಕ್ ನಿಂತಿತು. ಮಕ್ಕಳು ಚಪ್ಪಾಳೆ ತಟ್ಟಿದರು.

ಬೇರೆ ಪಾಠವಾಗಿದ್ದರೆ ನಾಲ್ಕು ಪ್ರಶ್ನೆ ಕೇಳಿ ಇಲ್ಲಿಗೆ ಮುಗಿಸುತ್ತಿದ್ದರು. ಆದರೆ ಈ ಪ್ರಶಿಕ್ಷಣಾರ್ಥಿ ಯೋಜನೆಯ ಹಂತದಲ್ಲೇ ನನ್ನ ಬಳಿ ಬಂದು, ‘ಸರ್, ಮೌಲ್ಯಮಾಪನ ನಾಳೆಗಿರಲಿ. ರಾತ್ರಿ ಕಂಪ್ಯೂಟರ್ ಪೂರ್ತಿ ಆಫ್ ಆಗಿರಬೇಕು’ ಎಂದಿದ್ದರು. ವೀಕ್ಷಣೆಗೆ ಕುಳಿತಿದ್ದ ಸಹಪಾಠಿಗಳು ಆಕ್ಷೇಪಿಸಿದರು. 40 ನಿಮಿಷದೊಳಗೆ ಮೌಲ್ಯಮಾಪನ ಬಾರದಿದ್ದರೆ ವೀಕ್ಷಣಾ ಹಾಳೆಯ ಆ ಅಂಕಣ ಖಾಲಿ ಉಳಿಯುತ್ತದೆ, ಅಂಕ ಹೇಗೆ ಕೊಡುತ್ತೀರಿ ಎಂಬುದು ಅವರ ವಾದ. ಅದು ನ್ಯಾಯವಾದ ಪ್ರಶ್ನೆಯೇ. ಅವಧಿಯ ಕೊನೆಗೆ ಎರಡು ಪ್ರಶ್ನೆ ಕೇಳಲಿ, ಆದರೆ ಆ ಅಂಕಣವನ್ನು ಮರುದಿನ ತುಂಬುತ್ತೇನೆ ಎಂದೆ.

ಮರುದಿನ ಕಂಪ್ಯೂಟರ್ ಹಚ್ಚಿದರೆ ಮತ್ತೆ ಟಿಕ್. ‘ಮರ್ತ್‌ಬಿಟ್ಟಿದೆ ಮಿಸ್’ ಎಂದ ಒಬ್ಬ ಹುಡುಗ. ಅದೇ ಸರಿಯಾದ ಉತ್ತರ. ಹೀಗೆ ಕೊಟ್ಟ ಮೌಲ್ಯ ಡಿಸ್ಕಿಗೆ ವಿದ್ಯುತ್ ಇರುವವರೆಗೆ ಮಾತ್ರ. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋದರೆ ನಾಲ್ಕು ಸಲ ಮರೆವು. ಪ್ರತಿ ಸಲ ತಾನಾಗಿಯೇ ಹೊಂದಿಕೊಳ್ಳುವಂತೆ ಮಾಡುವುದು ಹೇಗೆ ಎಂಬಲ್ಲಿಂದ ನಿಜವಾದ ಪಾಠ ಶುರುವಾಯಿತು.

ಮೊದಲನೆಯ ತೊಡಕು ಹೆಸರಿನದು. ಲಿನಕ್ಸ್ ಡಿಸ್ಕ್‌ಗಳನ್ನು ಕಂಡ ಕ್ರಮದಲ್ಲಿ ಎಸ್‌ಡಿಎ, ಎಸ್‌ಡಿಬಿ ಎಂದು ಕರೆಯುತ್ತದೆ. ಮೂರು ಸಲ ಆಫ್ ಮಾಡಿ ಆನ್ ಮಾಡಿ ಮಕ್ಕಳು ಬರೆದುಕೊಂಡಾಗ ಒಂದು ಸಲ ಹೆಸರುಗಳು ಅದಲುಬದಲಾಗಿದ್ದವು. ‘ಎಸ್‌ಡಿಬಿಗೆ 254’ ಎಂದು ಬರೆದಿಟ್ಟರೆ ಅಂದು ಅದು ತಪ್ಪು ಡಿಸ್ಕಿಗೆ ಹೋಗುತ್ತದೆ. ಪ್ರಶಿಕ್ಷಣಾರ್ಥಿ ಮೊದಲ ಬೆಂಚಿನ ಇಬ್ಬರನ್ನು ಜಾಗ ಬದಲಿಸಿ ಕೂರಿಸಿ, ‘ಈಗ ಎಡಗಡೆ ಕೂತವರಿಗೆ ಪತ್ರ ಕೊಡಿ ಅಂದ್ರೆ ಯಾರಿಗೆ ಹೋಗುತ್ತೆ?’ ಎಂದು ಕೇಳಿದರು. ‘ಸ್ಯಾಟ್ಸ್ ನಂಬರ್ ಹಾಕಿ ಮಿಸ್’ ಎಂಬ ಉತ್ತರ ಹಿಂದಿನ ಬೆಂಚಿನಿಂದ ಬಂತು. ಡಿಸ್ಕಿಗೂ ಅಂಥ ಸಂಖ್ಯೆ ಇದೆ: ಮಾದರಿಯ ಹೆಸರೂ ಕ್ರಮಸಂಖ್ಯೆಯೂ ಸೇರಿದ ಗುರುತು. ಅದು ಜಾಗ ಬದಲಾದರೂ ಬದಲಾಗದು.

ಎರಡನೆಯದು ಸಮಯದ ತೊಡಕು. ಕಂಪ್ಯೂಟರ್ ಏಳುವಾಗ ಓಡುವ ಆದೇಶಗಳ ಪಟ್ಟಿಯಲ್ಲಿ ಇದನ್ನು ಸೇರಿಸಬಹುದು. ಆದರೆ ಆ ಹೊತ್ತಿಗೆ ಡಿಸ್ಕ್ ಸಿದ್ಧವಾಗಿರದಿದ್ದರೆ ಆದೇಶ ವ್ಯರ್ಥ. ಗಾಜನೂರಿನ ಬಸ್ಸು ಬರುವ ಮೊದಲೇ ಹಾಜರಿ ಕರೆದಂತೆ. ಉಬುಂಟುವಿನಲ್ಲಿ ಯುಡೆವ್ ಎಂಬ ವ್ಯವಸ್ಥೆ ಬಾಗಿಲಲ್ಲಿ ನಿಂತಿರುತ್ತದೆ. ಡಿಸ್ಕ್ ಗುರುತು ಸಿಕ್ಕ ಕೂಡಲೇ ಎಚ್‌ಡಿಪಾರ್ಮ್‌ನ ಸಂರಚನಾ ಕಡತ ನೋಡಿ ಅದರದೇ ಮೌಲ್ಯ ಕೊಡುತ್ತದೆ. ಆ ಕಡತದಲ್ಲಿ ಡಿಸ್ಕಿನ ಶಾಶ್ವತ ಗುರುತನ್ನೂ 254ನ್ನೂ ಉಸ್ತುವಾರಿ ಶಿಕ್ಷಕರು ಮಕ್ಕಳ ಮುಂದೆಯೇ ಬರೆದರು.

ಮೂರನೆಯದು ಪರೀಕ್ಷೆ. ಮಕ್ಕಳು ಮೂರು ಸಾಲಿನ ಕೋಷ್ಟಕ ಮಾಡಿದರು: ರೀಸ್ಟಾರ್ಟ್, ಪೂರ್ತಿ ಆಫ್, ನಿದ್ರಾಸ್ಥಿತಿ. ಮೊದಲೆರಡರಲ್ಲಿ 254 ಬಂತು, ಟಿಕ್ ಇಲ್ಲ. ನಿದ್ರೆಯಿಂದ ಎಬ್ಬಿಸಿದಾಗ ಮಾತ್ರ ಹಳೆಯ ಸದ್ದು ಕೇಳಿತು: ಡಿಸ್ಕಿಗೆ ವಿದ್ಯುತ್ ನಿಂತು ಬಂದಿತ್ತು, ಆದರೆ ವ್ಯವಸ್ಥೆಯ ಲೆಕ್ಕದಲ್ಲಿ ಅದು ಹೊಸದಾಗಿ ಬಂದ ಡಿಸ್ಕ್ ಅಲ್ಲ, ಹಾಗಾಗಿ ಬಾಗಿಲ ಕಾವಲಿನವನು ಮತ್ತೆ ಕೇಳಲಿಲ್ಲ. ಆ ಕಂಪ್ಯೂಟರಿನಲ್ಲಿ ನಿದ್ರಾಸ್ಥಿತಿಯನ್ನೇ ನಿಲ್ಲಿಸುವುದೆಂದು ತೀರ್ಮಾನವಾಯಿತು. ಡಿಸ್ಕ್ ತುಸು ಹೆಚ್ಚು ಬಿಸಿಯಾಗಬಹುದು ಎಂಬುದನ್ನೂ ಮಕ್ಕಳು ಬರೆದುಕೊಂಡರು.

ಕೋಷ್ಟಕದ ಮೊದಲ ಸಾಲಿನ ಬಗ್ಗೆ ಪ್ರಶಿಕ್ಷಣಾರ್ಥಿ ಒಂದು ಎಚ್ಚರಿಕೆ ಹೇಳಿದ್ದರು. ರೀಸ್ಟಾರ್ಟ್‌ನಲ್ಲಿ ಡಿಸ್ಕಿಗೆ ವಿದ್ಯುತ್ ನಿಲ್ಲದೆ ಹೋಗಬಹುದು. ಆಗ ಹಿಂದಿನ ಮೌಲ್ಯವೇ ಉಳಿದು, ನಾವು ಬರೆದದ್ದು ಕೆಲಸ ಮಾಡಿತು ಎಂಬ ಭ್ರಮೆ ಹುಟ್ಟುತ್ತದೆ. ಪೂರ್ತಿ ಆಫ್ ಮಾಡಿದ ಪರೀಕ್ಷೆಯೇ ಪ್ರಮಾಣ.

ನಮ್ಮ ಅವಧಿಯ ಕೊನೆಯ ಐದು ನಿಮಿಷದ ಮೌಲ್ಯಮಾಪನ ಈ ರೀಸ್ಟಾರ್ಟ್ ಇದ್ದ ಹಾಗೆ. ಕಪ್ಪುಹಲಗೆ ಇನ್ನೂ ಅಳಿಸಿಲ್ಲ, ಶಿಕ್ಷಕರ ಮಾತು ಕಿವಿಯಲ್ಲಿದೆ, ವಿದ್ಯುತ್ ಹರಿಯುತ್ತಲೇ ಇದೆ. ಮೊದಲ ದಿನ 254 ಏನು ಮಾಡುತ್ತದೆ ಎಂದು ಕೇಳಿದಾಗ ತರಗತಿ ಒಕ್ಕೊರಲಿನಿಂದ ಉತ್ತರಿಸಿತ್ತು. ಮರುದಿನ ಅದೇ ಪ್ರಶ್ನೆಗೆ ಹಲವರು ತಡವರಿಸಿದರು. ಸದ್ದು ಎಣಿಸಿದವರು, ಭಾಗಾಕಾರ ಮಾಡಿದವರು ಮಾತ್ರ ತಮ್ಮ ಮಾತಿನಲ್ಲಿ ಹೇಳಬಲ್ಲವರಾಗಿದ್ದರು. ಈ ವ್ಯತ್ಯಾಸ ಮೊದಲ ದಿನದ ಹಾಳೆಯಲ್ಲಿ ಕಾಣುವಂತಿರಲಿಲ್ಲ.

ಆ ಅಂಕಣಕ್ಕೆ ನಾನು ಪೂರ್ಣ ಅಂಕ ಕೊಟ್ಟೆ. ಷರಾದಲ್ಲಿ ‘ಮೌಲ್ಯಮಾಪನ ಎರಡನೆಯ ದಿನ’ ಎಂದು ಬರೆದೆ. ನಮ್ಮ ಹಾಳೆಯ ನಮೂನೆಯಲ್ಲಿ ಇದಕ್ಕೆ ಜಾಗವಿಲ್ಲ, ಮಾಡಿಕೊಡಬೇಕು. ಈ ಸಾಲಿನ ಪ್ರಶಿಕ್ಷಣಾರ್ಥಿಗಳಿಗೆ ಒಂದು ಸಲಹೆ: ಪ್ರತಿ ಘಟಕದಲ್ಲಿ ಒಂದು ಪಾಠಕ್ಕಾದರೂ ಮರುದಿನ ಹೋಗಿ, ಹಲಗೆ ಖಾಲಿ ಇರುವಾಗ ಎರಡೇ ಪ್ರಶ್ನೆ ಕೇಳಿ, ಬಂದ ಉತ್ತರವನ್ನು ಇದ್ದಂತೆಯೇ ಬರೆದುಕೊಳ್ಳಿ. ಮುಂದಿನ ಪಾಠಯೋಜನೆಯನ್ನು ಆ ಉತ್ತರಗಳಿಂದ ಆರಂಭಿಸಿ.